ಮೊದಲ ಸೂಜಿ ಗೊಂಬೆಗೆ ಬೀಳಲಿ



ಪ್ಲಸ್ ಟು ಫಲಿತಾಂಶ ಬಂದ ಕೂಡಲೇ ನಮ್ಮ ತೋಟದ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಅಟ್ಟದಲ್ಲಿ ಹಳೆ ಅಡಿಕೆ ಎಷ್ಟು ಉಳಿದಿದೆ, ಈಗ ಮಾರಿದರೆ ಏನು ಸಿಕ್ಕೀತು, ಕರಿಮೆಣಸಿಗೆ ಇನ್ನೆರಡು ತಿಂಗಳು ಕಾಯಬಹುದೇ, ಸಹಕಾರಿ ಬ್ಯಾಂಕಿನಲ್ಲಿ ಸಾಲ ಎಷ್ಟು ಕೊಟ್ಟಾರು ಎಂಬ ಮಾತುಗಳು. ಮಗಳನ್ನು ನರ್ಸಿಂಗಿಗೆ ಸೇರಿಸಬೇಕು. ಈಚೆಗೆ ಮಗನನ್ನೂ. ಅಪ್ಪ, ಅಮ್ಮ, ಮಗಳು ಮೂವರೂ ಬಸ್ಸು ಹತ್ತಿ ಮಂಗಳೂರಿಗೋ ಕಣ್ಣೂರಿಗೋ ಹೋಗಿ ನಾಲ್ಕಾರು ಕಾಲೇಜು ನೋಡಿ ಬರುತ್ತಾರೆ. ಅಲ್ಲಿ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಫೀಸು ಎಷ್ಟು, ಕಂತಿನಲ್ಲಿ ಕಟ್ಟಬಹುದೇ, ಹಾಸ್ಟೆಲು ಹೇಗಿದೆ, ಕಲಿತ ಮೇಲೆ ಗಲ್ಫಿಗೆ, ಜರ್ಮನಿಗೆ ಹೋಗಲು ಅನುಕೂಲವಿದೆಯೇ.

ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ ಎಂಬುದು ನನ್ನ ಅಭಿಪ್ರಾಯ. ರೋಗಿಯ ಮೈ ಮುಟ್ಟುವ ಮೊದಲು ನನ್ನ ಮಗಳು ಯಾವುದರ ಮೇಲೆ ಕೈ ಪಳಗಿಸುತ್ತಾಳೆ? ನಿಮ್ಮಲ್ಲಿ ಅದಕ್ಕೆ ಬೇಕಾದ ಗೊಂಬೆಗಳಿವೆಯೇ? ಇದ್ದರೆ ಅವು ಮಕ್ಕಳ ಕೈಗೆ ಸಿಗುತ್ತವೆಯೇ?

ಈ ರೀತಿಯ ಕಲಿಕೆಗೆ ಸಿಮ್ಯುಲೇಶನ್ ಎಂದು ಹೆಸರು. ಕನ್ನಡದಲ್ಲಿ ಅಣಕು ಅಭ್ಯಾಸ ಎನ್ನಬಹುದು. ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು, ಮೂಗಿನ ಮೂಲಕ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸುವುದು, ಮೂತ್ರಕ್ಕೆ ಕ್ಯಾತಿಟರ್ ಹಾಕುವುದು, ಹುಟ್ಟಿದ ಕೂಸು ಅಳದಿದ್ದರೆ ಉಸಿರು ಕೊಡುವುದು, ಇವನ್ನೆಲ್ಲ ಮೊದಲು ರಬ್ಬರಿನ, ಪ್ಲಾಸ್ಟಿಕ್ಕಿನ ಮೈಯ ಮೇಲೆ ಮಾಡಿ ಮಾಡಿ ಕಲಿಯುವುದು. ಇದನ್ನು ಕಲಿಸುವ ಕೋಣೆಗೆ ಸ್ಕಿಲ್ ಲ್ಯಾಬ್ ಎನ್ನುತ್ತಾರೆ.

ಇದು ಕಾಲೇಜಿನವರ ವಿಚಾರ, ಕೃಷಿಕರಿಗೇನು ಎಂದು ನೀವು ಕೇಳಬಹುದು. ಫೀಸು ಕಟ್ಟುವವರು ನಾವು ಎಂಬುದು ಒಂದು ಉತ್ತರ. ಅದಕ್ಕಿಂತ ದೊಡ್ಡ ಉತ್ತರ ಬೇರೆ ಇದೆ. ಕಲಿಯುವ ಮಕ್ಕಳು ಮೊದಲ ಸೂಜಿ ಯಾರಿಗೆ ಚುಚ್ಚುತ್ತಾರೆ ಎಂದು ಒಮ್ಮೆ ಯೋಚಿಸಿ ನೋಡಿ. ಸ್ಪೆಷಲ್ ರೂಮಿನಲ್ಲಿ ಹಣ ಕೊಟ್ಟು ಮಲಗಿದವರಿಗೆ ಸಾಮಾನ್ಯವಾಗಿ ಅನುಭವಸ್ಥ ಸಿಸ್ಟರ್ ಬರುತ್ತಾರೆ. ಮಕ್ಕಳ ಗುಂಪು ಬರುವುದು ಜನರಲ್ ವಾರ್ಡಿಗೆ. ಅಲ್ಲಿ ಮಲಗಿರುವವರು ಯಾರು? ಅಡಿಕೆ ಕೊಯ್ಯಲು ಹೋಗಿ ಬಿದ್ದ ನಮ್ಮ ನೆರೆಮನೆಯವರು, ಬೀಡಿ ಕಟ್ಟುವ ಅಕ್ಕ, ರಬ್ಬರ್ ಟ್ಯಾಪಿಂಗಿನ ಅಣ್ಣ, ಎಂಬತ್ತು ದಾಟಿದ ನಮ್ಮ ಅಜ್ಜ. ಬಿಸಿಲಲ್ಲಿ ದುಡಿದು ಮುದುಕಾದ ಕೈಯ ನರ ಹಗ್ಗದ ಹಾಗೆ ಎದ್ದು ಕಾಣುತ್ತದೆ. ಆದರೆ ಸೂಜಿ ತಾಗಿದರೆ ಜಾರುತ್ತದೆ, ಒಡೆಯುತ್ತದೆ. ಒಬ್ಬಳಿಗೆ ಸಿಗದಿದ್ದರೆ ಇನ್ನೊಬ್ಬಳು, ಅವಳಿಗೂ ಸಿಗದಿದ್ದರೆ ಮತ್ತೊಂದು ಕೈ. ಅಜ್ಜ ಏನೂ ಹೇಳುವುದಿಲ್ಲ. 'ಪಾಪ, ಮಕ್ಕಳು ಕಲಿಯಲಿ' ಎನ್ನುತ್ತಾರೆ. ಅದು ಅವರ ದೊಡ್ಡ ಗುಣ. ಆ ಗುಣವನ್ನು ನೆಚ್ಚಿಕೊಂಡು ಕಾಲೇಜುಗಳು ಖರ್ಚು ಉಳಿಸುವುದು ಸರಿಯಲ್ಲ.

ಮಗುವಿನ ಕಡೆಯಿಂದಲೂ ನೋಡಬೇಕು. ಹದಿನೆಂಟರ ಹುಡುಗಿ. ಊರಿನಲ್ಲಿ ಅಪರಿಚಿತ ಗಂಡಸರೊಡನೆ ನಾಲ್ಕು ಮಾತು ಆಡಿದವಳಲ್ಲ. ಈಗ ಒಬ್ಬರ ತೋಳು ಹಿಡಿದು ಸೂಜಿ ಚುಚ್ಚಬೇಕು. ಹಿಂದೆ ಟ್ಯೂಟರ್ ನಿಂತಿದ್ದಾರೆ, ಪಕ್ಕದಲ್ಲಿ ರೋಗಿಯ ಮಗ ಮುಖ ಗಂಟು ಹಾಕಿ ನೋಡುತ್ತಿದ್ದಾನೆ. ಕೈ ನಡುಗದೆ ಇರುತ್ತದೆಯೇ? ನಡುಗಿದ ಕೈ ತಪ್ಪುತ್ತದೆ, ತಪ್ಪಿದ್ದಕ್ಕೆ ಎಲ್ಲರೆದುರು ಬೈಗುಳ ಬೀಳುತ್ತದೆ. ಮೊದಲ ವರ್ಷವೇ 'ಅಪ್ಪಾ, ನನಗೆ ಇದು ಬೇಡ' ಎಂದು ಪೆಟ್ಟಿಗೆ ಹಿಡಿದು ಮನೆಗೆ ಬಂದ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಅವರಲ್ಲಿ ಎಲ್ಲರೂ ಆ ಕೆಲಸಕ್ಕೆ ಆಗದವರಾಗಿರಲಿಲ್ಲ.

ನಮ್ಮ ಕೃಷಿಯಲ್ಲಿ ಈ ವಿವೇಕ ಎಂದಿನಿಂದಲೂ ಇದೆ. ಹೊಸದಾಗಿ ಟ್ಯಾಪಿಂಗ್ ಕಲಿಯುವ ಹುಡುಗನ ಕೈಗೆ ಹಾಲು ಕೊಡಲು ಶುರುವಾದ ಎಳೆಯ ರಬ್ಬರ್ ಮರವನ್ನು ಯಾರಾದರೂ ಕೊಡುತ್ತಾರೆಯೇ? ಕತ್ತಿ ಒಂದು ನೂಲು ಆಳಕ್ಕೆ ಹೋದರೂ ಮರಕ್ಕೆ ಗಾಯ. ಆ ಜಾಗದಲ್ಲಿ ಗಂಟು ಬಿದ್ದು ಮುಂದೆ ಅಲ್ಲಿ ಸರಿಯಾಗಿ ಕೊರೆಯಲು ಆಗುವುದಿಲ್ಲ. ಅದಕ್ಕೇ ಕಡಿಯಲಿರುವ ಮುದಿ ಮರದ ಮೇಲೆ ಅವನ ಕೈ ಪಳಗಿಸುತ್ತೇವೆ. ತೆಂಗಿನ ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದ ಸಹಾಯದಿಂದ ತೆಂಗು ಹತ್ತುವ ತರಬೇತಿಯನ್ನು ಯುವಕ ಯುವತಿಯರಿಗೆ ಕೊಡುತ್ತಾ ಬಂದಿದೆ. ಅಲ್ಲಿ ಕಲಿತವರನ್ನು ಕೇಳಿ ನೋಡಿ, ಮೊದಲ ಗಂಟೆಯಲ್ಲೇ ಯಾರನ್ನೂ ತುದಿಗೆ ಕಳುಹಿಸುವುದಿಲ್ಲ. ನೆಲದಿಂದ ನಾಲ್ಕು ಅಡಿ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ಭಯ ಹೋದ ಮೇಲೆ ಮೇಲಕ್ಕೆ. ರಬ್ಬರ್ ಮರಕ್ಕೆ ತೋರಿಸುವ ಕಾಳಜಿಯನ್ನು ಜನರಲ್ ವಾರ್ಡಿನ ಅಜ್ಜನಿಗೂ ತೋರಿಸಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಗೊಂಬೆಯ ಮೇಲೆ ಕಲಿಯುವುದು ಈಚಿನ ಕಂಪ್ಯೂಟರ್ ಕಾಲದ ಶೋಕಿ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಶಿಷ್ಯನು ಕೊಯ್ಯುವುದನ್ನು ಕುಂಬಳಕಾಯಿ, ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕಲಿಯಬೇಕು. ನರ ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳಗಳ ಮೇಲೆ, ತಾವರೆಯ ದಂಟಿನ ಮೇಲೆ ಅಭ್ಯಾಸ ಮಾಡಬೇಕು. ಗಾಯದ ಆಳ ಹುಡುಕುವುದನ್ನು ಹುಳ ತಿಂದ ಮರದಲ್ಲಿ, ಒಳಗೆ ಸಿಕ್ಕಿಕೊಂಡದ್ದನ್ನು ಹೊರತೆಗೆಯುವುದನ್ನು ಹಲಸಿನ ಹಣ್ಣು, ಬಿಲ್ವದ ಕಾಯಿಯ ತಿರುಳಿನಲ್ಲಿ ಕಲಿಯಬೇಕು. ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕಾರದ ಗೊಂಬೆ. ಎಷ್ಟೇ ಶಾಸ್ತ್ರ ಓದಿದ್ದರೂ ಹೀಗೆ ಕೈ ಪಳಗಿಸದವನು ಕೆಲಸಕ್ಕೆ ಯೋಗ್ಯನಲ್ಲ ಎಂಬುದು ಆ ಅಧ್ಯಾಯದ ಸಾರ. ನಮ್ಮ ಹಿತ್ತಿಲಿನಲ್ಲೇ ಬೆಳೆಯುವ ಕಾಯಿಗಳು ಅಷ್ಟು ಹಿಂದೆಯೇ ಶಸ್ತ್ರವೈದ್ಯರ ಪಾಠಶಾಲೆಯಾಗಿದ್ದವು.

ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಮದಾಂ ದ್ಯು ಕುದ್ರೇ ಎಂಬ ಸೂಲಗಿತ್ತಿ ಇದ್ದರು. ಹಳ್ಳಿಗಳಲ್ಲಿ ಹೆರಿಗೆಯ ವೇಳೆ ತಾಯಿ ಮಗು ಸಾಯುವುದನ್ನು ಕಡಿಮೆ ಮಾಡಬೇಕೆಂದು 1759ರಲ್ಲಿ ದೊರೆ ಹದಿನೈದನೇ ಲೂಯಿ ಈಕೆಗೆ ದೇಶವಿಡೀ ಸುತ್ತಿ ಕಲಿಸುವ ಅಪ್ಪಣೆ ಕೊಟ್ಟ. ಓದು ಬರಹ ಬಾರದ ಹಳ್ಳಿಯ ಹೆಂಗಸರಿಗೆ ಪುಸ್ತಕದಿಂದ ಕಲಿಸುವುದು ಹೇಗೆ? ಆಕೆ ಬಟ್ಟೆಯಲ್ಲಿ ಹೊಲಿದು ಹೆಣ್ಣಿನ ಸೊಂಟದ ಭಾಗವನ್ನೂ ಅದರೊಳಗಿಂದ ಹೊರತೆಗೆಯಬಹುದಾದ ಕೂಸನ್ನೂ ಮಾಡಿದರು. ಮಗು ಅಡ್ಡವಾಗಿದ್ದರೆ ಕೈ ಎಲ್ಲಿ ಹಾಕಬೇಕು, ಎಷ್ಟು ತಿರುಗಿಸಬೇಕು ಎಂಬುದನ್ನು ಹೆಂಗಸರು ಅದರ ಮೇಲೆ ಮಾಡಿಯೇ ಕಲಿತರು. ಎರಡು ದಶಕಗಳಿಗೂ ಹೆಚ್ಚು ಕಾಲ ಊರೂರು ಸುತ್ತಿ ಸಾವಿರಾರು ಜನರಿಗೆ ಕಲಿಸಿದ ಆ ಬಟ್ಟೆಯ ಗೊಂಬೆಗಳಲ್ಲಿ ಒಂದು ಇಂದಿಗೂ ರೂಆಂ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ.

ದಾದಿಯರ ಶಾಲೆಗೇ ಬೇಕೆಂದು ಮಾಡಿಸಿದ ಗೊಂಬೆ ಬಂದದ್ದು 1911ರಲ್ಲಿ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಯ ಮುಖ್ಯಸ್ಥೆ ಲಾಡರ್ ಸದರ್ಲೆಂಡ್, ಮಕ್ಕಳ ಗೊಂಬೆ ಮಾಡುತ್ತಿದ್ದ ಮಾರ್ಥಾ ಚೇಸ್ ಎಂಬಾಕೆಗೆ ಆಳೆತ್ತರದ ಗೊಂಬೆಯೊಂದನ್ನು ಮಾಡಿಕೊಡಲು ಹೇಳಿದರು. ಹುಡುಗಿಯರು ಅದಕ್ಕೆ 'ಮಿಸೆಸ್ ಚೇಸ್' ಎಂದೇ ಕರೆದರು. ಹೊರಳಿಸುವುದು, ಬಟ್ಟೆ ಬದಲಿಸುವುದು, ಹಾಸಿಗೆಯಿಂದ ಎತ್ತಿ ಕುರ್ಚಿಗೆ ಕೂರಿಸುವುದು ಅದರ ಮೇಲೆ. 1914ರ ಹೊತ್ತಿಗೆ ಅದರ ತೋಳಿನಲ್ಲಿ ಇಂಜೆಕ್ಷನ್ ಕೊಡಲು ಜಾಗ, ಎನಿಮಾ ಮತ್ತು ಕ್ಯಾತಿಟರ್ ಕಲಿಯಲು ಒಳಗೆ ನೀರಿನ ಚೀಲ ಎಲ್ಲ ಬಂದವು. ಅಂದರೆ ನೂರು ವರ್ಷಕ್ಕೂ ಹಿಂದೆಯೇ ಒಂದು ಆಸ್ಪತ್ರೆಗೆ ಹೊಳೆದ ಮಾತನ್ನು ನಮ್ಮ ಕೆಲವು ಕಾಲೇಜುಗಳು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲ.

ಎದೆ ಒತ್ತಿ ಜೀವ ಉಳಿಸುವುದನ್ನು ಕಲಿಸುವ ಗೊಂಬೆಯ ಕಥೆಯೂ ಸ್ವಾರಸ್ಯವಾಗಿದೆ. ನಾರ್ವೆಯ ಸ್ಟಾವಂಗರ್ ಪಟ್ಟಣದಲ್ಲಿ ಓಸ್ಮುಂಡ್ ಲಾರ್ಡಾಲ್ ಎಂಬ ಆಟಿಕೆ ತಯಾರಕ. ಆತನ ಎರಡು ವರ್ಷದ ಮಗ ನೀರಿಗೆ ಬಿದ್ದಾಗ ತಂದೆಯೇ ಎತ್ತಿ ಉಳಿಸಿದ. ಮುಂದೆ ವೈದ್ಯರು ಬಂದು, ಜನರಿಗೆ ಉಸಿರು ಕೊಡುವುದನ್ನು ಕಲಿಸಲು ಗೊಂಬೆ ಬೇಕೆಂದಾಗ ಒಪ್ಪಿ 1960ರಲ್ಲಿ 'ಆನ್' ಎಂಬ ಗೊಂಬೆ ಮಾಡಿದ. ಅದಕ್ಕೆ ಕೊಟ್ಟ ಮುಖ ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ ಹೆಸರರಿಯದ ಹುಡುಗಿಯ ಮುಖವಾಡದಿಂದ ತೆಗೆದದ್ದು. ಲೋಕದಲ್ಲೆಲ್ಲ ಲಕ್ಷಾಂತರ ಜನ ಉಸಿರು ಕೊಡಲು ಕಲಿತದ್ದು ಆ ಮುಖಕ್ಕೆ ಬಾಯಿಟ್ಟು.

ಈಗ ಲ್ಯಾಬಿನ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಸುಲಭದ್ದು ಕೈಯ ಗೊಂಬೆ. ಭುಜದಿಂದ ಬೆರಳಿನವರೆಗೆ ಒಂದು ತೋಳು, ಚರ್ಮದಂಥ ಹೊದಿಕೆ, ಒಳಗೆ ರಬ್ಬರ್ ನಳಿಗೆ, ಅದರಲ್ಲಿ ಕೆಂಪು ನೀರು. ಸೂಜಿ ಸರಿಯಾಗಿ ನರಕ್ಕೆ ಹೊಕ್ಕರೆ ಕೆಂಪು ನೀರು ಕಾಣಿಸುತ್ತದೆ. ಹೊಕ್ಕದಿದ್ದರೆ ಇನ್ನೊಮ್ಮೆ. ಐವತ್ತು ಸಲ ಚುಚ್ಚಿದರೂ ಆ ತೋಳು ನೋಯುವುದಿಲ್ಲ. ಇದಕ್ಕಿಂತ ದೊಡ್ಡವು ಉಸಿರಾಡುವ, ನಾಡಿ ಬಡಿಯುವ, ಕಣ್ಣು ಮಿಟುಕಿಸುವ ಗೊಂಬೆಗಳು. ಪಕ್ಕದ ಕೋಣೆಯಲ್ಲಿ ಕುಳಿತ ಶಿಕ್ಷಕಿ ಕಂಪ್ಯೂಟರಿನಿಂದ ಅದರ ಬಿ.ಪಿ. ಇಳಿಸಬಹುದು, ಉಸಿರು ನಿಲ್ಲಿಸಬಹುದು. ಮಂಗಳೂರು, ಮಣಿಪಾಲದ ದೊಡ್ಡ ಸಂಸ್ಥೆಗಳಲ್ಲಿ ಇಂಥ ಸೌಕರ್ಯಗಳು ಈಗ ಬಂದಿವೆ. ಗೊಂಬೆಯ ಬದಲು ತರಬೇತಿ ಪಡೆದ ವ್ಯಕ್ತಿಯೇ ರೋಗಿಯ ಹಾಗೆ ನಟಿಸುವ ಕ್ರಮವೂ ಇದೆ.

ಆದರೆ ಗೊಂಬೆಗಿಂತ ಮುಖ್ಯವಾದದ್ದು ಆಮೇಲೆ ನಡೆಯುವ ಮಾತುಕತೆ. ಅಭ್ಯಾಸ ಮುಗಿದ ಮೇಲೆ ಮಕ್ಕಳನ್ನೂ ಶಿಕ್ಷಕಿಯನ್ನೂ ಸುತ್ತ ಕೂರಿಸಿ, ನೀನು ಮೊದಲು ಏನು ನೋಡಿದೆ, ಯಾಕೆ ಹಾಗೆ ಮಾಡಿದೆ, ಡಾಕ್ಟರಿಗೆ ಫೋನು ಮಾಡಿ ಏನೆಂದು ಹೇಳಿದೆ ಎಂದು ಬಿಡಿಸಿ ಬಿಡಿಸಿ ಕೇಳುತ್ತಾರೆ. ಬೈಯುವುದಿಲ್ಲ. ತಪ್ಪು ಎಲ್ಲಿ ಆಯಿತೆಂದು ಮಗುವೇ ಕಂಡುಕೊಳ್ಳಬೇಕು. ಈ ಮಾತುಕತೆ ಇಲ್ಲದ ಲ್ಯಾಬು ಆಟದ ಕೋಣೆ ಅಷ್ಟೆ.

ನಮಗೆ ಹತ್ತಿರದ ಒಂದು ಉದಾಹರಣೆ ಹೇಳುತ್ತೇನೆ. ಕೀಟನಾಶಕ ಸಿಂಪಡಿಸುವಾಗ ಗಾಳಿಗೆ ಎದುರಾಗಿ ನಿಂತ ರೈತ, ಅಥವಾ ಬೇಸರದಲ್ಲಿ ಅದನ್ನೇ ಕುಡಿದವನು ಆಸ್ಪತ್ರೆಗೆ ಬರುತ್ತಾನೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಪಾಪೆ ಸಾಸಿವೆಯಷ್ಟು ಚಿಕ್ಕದು, ನಾಡಿ ನಿಧಾನ. ಗಂಧಕದಂಥ, ಬೆಳ್ಳುಳ್ಳಿಯಂಥ ವಾಸನೆ. ನರ್ಸು ಮೊದಲು ಮಾಡಬೇಕಾದದ್ದೇನು? ಕೈಗೆ ಗ್ಲೌಸ್ ಹಾಕಿ ಉಸಿರಿನ ದಾರಿ ತೆರೆದಿಡಬೇಕು, ಬಾಯಿಯ ಜೊಲ್ಲು ತೆಗೆಯಬೇಕು, ವಿಷ ಮೆತ್ತಿದ ಬಟ್ಟೆ ಬಿಚ್ಚಿ ಮೈಯನ್ನು ಸೋಪುನೀರಿನಲ್ಲಿ ತೊಳೆಯಬೇಕು, ಅಟ್ರೊಪಿನ್ ಸಿದ್ಧವಿಟ್ಟು ಡಾಕ್ಟರು ಹೇಳಿದ ಹಾಗೆ ಕೊಡುತ್ತಾ ಎದೆಯ ಶಬ್ದ, ನಾಡಿ ನೋಡುತ್ತಿರಬೇಕು. ಇಷ್ಟೆಲ್ಲ ಕೆಲವೇ ನಿಮಿಷಗಳಲ್ಲಿ ಆಗಬೇಕು. ನಿಜವಾದ ಕ್ಯಾಜುವಲ್ಟಿಯಲ್ಲಿ ಆ ಗಳಿಗೆಯಲ್ಲಿ ವಿದ್ಯಾರ್ಥಿನಿಯರಿಗೆ ಸಿಗುವ ಅಪ್ಪಣೆ ಒಂದೇ, 'ಮಕ್ಕಳೇ, ಹೊರಗೆ ನಿಲ್ಲಿ.' ಆ ಅಪ್ಪಣೆ ತಪ್ಪಲ್ಲ, ಅಲ್ಲಿ ಜೀವ ಉಳಿಸಬೇಕು. ಹೀಗಾಗಿ ನಾಲ್ಕು ವರ್ಷ ಕಲಿತ ಹುಡುಗಿ ಅಂಥ ರೋಗಿಯನ್ನು ಬಾಗಿಲ ಸಂದಿಯಿಂದ ಮಾತ್ರ ಕಂಡಿರುತ್ತಾಳೆ. ಪಾಸಾದ ಮರುತಿಂಗಳು ಯಾವುದೋ ಸಣ್ಣ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಅವಳೊಬ್ಬಳೇ ಇರುವಾಗ ನಮ್ಮೂರಿನ ಜೀಪು ಬಂದು ನಿಲ್ಲುತ್ತದೆ. ಹೆರಿಗೆಯ ನಂತರದ ರಕ್ತಸ್ರಾವದ ಮಾತೂ ಇದೇ. ಅಪರೂಪಕ್ಕೆ ಬರುವ, ಬಂದರೆ ತಡೆಯಲು ಸಮಯವಿಲ್ಲದ ಕಷ್ಟಗಳನ್ನು ಕಲಿಯಲು ಗೊಂಬೆಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ.

ಇದರಿಂದ ನಿಜವಾಗಿ ಪ್ರಯೋಜನ ಉಂಟೇ? ಅಮೆರಿಕದಲ್ಲಿ 10 ನರ್ಸಿಂಗ್ ಕಾಲೇಜುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ವಾರ್ಡಿನ ತರಬೇತಿಯ ನಾಲ್ಕನೇ ಒಂದು ಭಾಗವನ್ನು, ಇನ್ನೊಂದು ಗುಂಪಿಗೆ ಅರ್ಧದಷ್ಟನ್ನೇ ಸಿಮ್ಯುಲೇಶನ್ನಿನಲ್ಲಿ ಕೊಟ್ಟು ನೋಡಿದರು. ಜ್ಞಾನದಲ್ಲಾಗಲಿ, ಪರೀಕ್ಷೆಯಲ್ಲಾಗಲಿ, ಕೆಲಸಕ್ಕೆ ಸೇರಿದ ಮೇಲಿನ ಕೈಚಳಕದಲ್ಲಾಗಲಿ ಅವರು ಬೇರೆಯವರಿಗಿಂತ ಹಿಂದೆ ಬೀಳಲಿಲ್ಲ. ಆದರೆ ಅಲ್ಲಿ ಕಲಿಸಿದವರು ಇದಕ್ಕಾಗಿಯೇ ತರಬೇತಿ ಪಡೆದವರಾಗಿದ್ದರು ಎಂಬುದನ್ನು ಮರೆಯಬಾರದು.

ಅಮೆರಿಕದ ಮಾತು ಬೇಡ ಎನ್ನುವವರಿಗೆ ಬೆಳಗಾವಿಯ ಮಾತು ಹೇಳುತ್ತೇನೆ. ಹುಟ್ಟಿದ ಕೂಸು ಅಳದಿದ್ದರೆ ಮೊದಲ ಒಂದು ನಿಮಿಷದೊಳಗೆ ಒರೆಸಿ, ಉಜ್ಜಿ, ಬೇಕಿದ್ದರೆ ಚೀಲ ಮತ್ತು ಮಾಸ್ಕಿನಿಂದ ಉಸಿರು ಕೊಡಬೇಕು. ಇದನ್ನು ಕಲಿಸುವ ಒಂದು ಕಾರ್ಯಕ್ರಮ 2010ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘದಿಂದ ಶುರುವಾಯಿತು. ಅದಕ್ಕೆ ಬಳಸುವ ಗೊಂಬೆ ಬಹಳ ಸರಳ, ಒಳಗೆ ಉಗುರು ಬೆಚ್ಚಗಿನ ನೀರು ತುಂಬಿದರೆ ಕೂಸಿನಷ್ಟೇ ಭಾರ, ಕೂಸಿನ ಹಾಗೆಯೇ ತೂಗುವ ಕತ್ತು. ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ಈ ಗೊಂಬೆಯ ಮೇಲೆ ಕಲಿಸಿದರು. 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ತರಬೇತಿಗೆ ಮೊದಲು ನೂರಕ್ಕೆ 3ರಷ್ಟು ಕೂಸುಗಳು ಸತ್ತು ಹುಟ್ಟಿದವೆಂದು ಲೆಕ್ಕಕ್ಕೆ ಸೇರುತ್ತಿದ್ದವು. ತರಬೇತಿಯ ನಂತರ ಅದು 2.3ಕ್ಕೆ ಇಳಿಯಿತು. ಅಂದರೆ ಮೊದಲು 'ಹುಟ್ಟುವಾಗಲೇ ಇರಲಿಲ್ಲ' ಎಂದು ಬದಿಗಿಟ್ಟ ಕೂಸುಗಳಲ್ಲಿ ಕೆಲವು ಉಸಿರಿಗಾಗಿ ಕಾಯುತ್ತಿದ್ದವು ಎಂದಾಯಿತು. ಹುಟ್ಟಿದ ನಂತರದ ದಿನಗಳಲ್ಲಿ ಸಾಯುವ ಶಿಶುಗಳ ಪ್ರಮಾಣ ಮಾತ್ರ ಇದರಿಂದ ಇಳಿಯಲಿಲ್ಲ. ಅದಕ್ಕೆ ಬೇರೆ ಆರೈಕೆಯೂ ಬೇಕು. ಗೊಂಬೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎರಡನ್ನೂ ಆ ಒಂದು ವರದಿ ತೋರಿಸುತ್ತದೆ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಹೊರಡಿಸಿದ ಬಿ.ಎಸ್ಸಿ. ನರ್ಸಿಂಗ್ ಪರಿಷ್ಕೃತ ಪಠ್ಯಕ್ರಮದಲ್ಲೂ ವಾರ್ಡಿನ ತರಬೇತಿ ಗಂಟೆಗಳಲ್ಲಿ ನೂರಕ್ಕೆ 10ರಷ್ಟನ್ನು ಲ್ಯಾಬಿನ ಅಣಕು ಅಭ್ಯಾಸಕ್ಕೆ ಇಟ್ಟಿದ್ದಾರೆ. ಆದ್ದರಿಂದ ಈ ಪ್ರಶ್ನೆ ಕೇಳಿದರೆ ಕಾಲೇಜಿನವರು 'ಅದೆಲ್ಲ ಬೇಕಾಗಿಲ್ಲ' ಎಂದು ಹೇಳುವಂತಿಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ಭಯವನ್ನೂ ಹೇಳಬೇಕು. ಗೊಂಬೆ ನರಳುವುದಿಲ್ಲ. ಗೊಂಬೆಗೆ ನಾಚಿಕೆಯಿಲ್ಲ. ಗೊಂಬೆಯ ಮೈಗೆ ವಾಸನೆಯಿಲ್ಲ, ಅದರ ಹಾಸಿಗೆಯಲ್ಲಿ ಮಲ ಮೂತ್ರವಿಲ್ಲ, ಅದರ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುವ ಹೆಂಡತಿ ಇಲ್ಲ. ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕು, ಗೊಂಬೆಗೆ ಭಾಷೆಯಿಲ್ಲ. ಇಲ್ಲಿನ ಒಂದು ವಾರ್ಡಿನಲ್ಲಿ ಹತ್ತು ಹಾಸಿಗೆ ಇದ್ದರೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲವೂ ಕೇಳುತ್ತವೆ. 'ಎಲ್ಲಿ ನೋವು' ಎಂದು ಅಜ್ಜಿಯ ಮಾತಿನಲ್ಲೇ ಕೇಳಿದರೆ ಅರ್ಧ ನೋವು ಇಳಿಯುತ್ತದೆ ಎಂಬುದನ್ನು ಯಾವ ಯಂತ್ರವೂ ಕಲಿಸಲಾರದು. ಕೈ ಗೊಂಬೆಯ ಮೇಲೆ ಪಳಗಬಹುದು, ಮನಸ್ಸು ವಾರ್ಡಿನಲ್ಲೇ ಪಳಗಬೇಕು. ಸಾಕಷ್ಟು ರೋಗಿಗಳಿಲ್ಲದ ಕಾಲೇಜೊಂದು 'ನಮ್ಮಲ್ಲಿ ಅತ್ಯಾಧುನಿಕ ಲ್ಯಾಬಿದೆ' ಎಂದು ಹೇಳಿ ಅದರ ಹಿಂದೆ ತನ್ನ ಖಾಲಿ ವಾರ್ಡನ್ನು ಮುಚ್ಚಿಡಲು ನೋಡಿದರೆ ಅದನ್ನು ನಂಬಬೇಡಿ. ನೂರಕ್ಕೆ 10 ಎಂದರೆ ಉಳಿದ 90 ರೋಗಿಯ ಹಾಸಿಗೆಯ ಪಕ್ಕದಲ್ಲೇ ಆಗಬೇಕು.

ಇನ್ನೊಂದು ರೋಗ ಬೀಗದ್ದು. ಗೊಂಬೆ ಇದೆ, ಗಾಜಿನ ಕಪಾಟಿನಲ್ಲಿದೆ, ಕಪಾಟಿಗೆ ಬೀಗವಿದೆ, ಬೀಗದ ಕೈ ಆಫೀಸಿನಲ್ಲಿದೆ. ತಪಾಸಣೆಗೆ ಅಧಿಕಾರಿಗಳು ಬರುವ ದಿನ ಅದನ್ನು ಹೊರತೆಗೆದು ಬಿಳಿ ಬಟ್ಟೆ ಹೊದಿಸಿ ಮಲಗಿಸುತ್ತಾರೆ. 'ಹಾಳಾದೀತು' ಎಂದು ಮಕ್ಕಳಿಗೆ ಮುಟ್ಟಲು ಬಿಡುವುದಿಲ್ಲ. ನೂರು ಮಕ್ಕಳು ಒಂದು ತೋಳಿನ ಸುತ್ತ ನಿಂತು ಟೀಚರು ಚುಚ್ಚುವುದನ್ನು ದೂರದಿಂದ ನೋಡುತ್ತಾರೆ. ನನಗೆ ಇದಕ್ಕಿಂತ ಲ್ಯಾಬೇ ಇಲ್ಲದಿರುವುದು ವಾಸಿ ಎನ್ನಿಸುತ್ತದೆ, ಆಗ ಕನಿಷ್ಠ ಸುಳ್ಳಾದರೂ ಇರುವುದಿಲ್ಲ. ಹಾಳಾಗಲೆಂದೇ ತಂದದ್ದಲ್ಲವೇ ಅದು? ತೋಳಿನ ಚರ್ಮ ತೂತು ತೂತಾಗಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ ಎಂದು ಅರ್ಥ. ಹೊಸದರ ಹಾಗೆ ಹೊಳೆಯುತ್ತಿದ್ದರೆ ಸಂಶಯ ಪಡಿ.

ದುಡ್ಡಿಲ್ಲ ಎಂಬ ನೆಪವೂ ಪೂರ್ತಿ ನಿಜವಲ್ಲ. ಲಕ್ಷಗಟ್ಟಲೆ ಬೆಲೆಯ ಗೊಂಬೆ ಎಲ್ಲದಕ್ಕೂ ಬೇಕಾಗಿಲ್ಲ. ಸೂಜಿ ಚುಚ್ಚುವಾಗ ಕೈಗೆ ಸಿಗುವ ಬಿಗಿಯನ್ನು ತಿಳಿಯಲು ಒಂದು ಕಿತ್ತಳೆ ಹಣ್ಣು ಸಾಕು, ಹೊಲಿಗೆ ಹಾಕಲು ಬಾಳೆಹಣ್ಣಿನ ಸಿಪ್ಪೆ ಆಗುತ್ತದೆ. ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಕಿತ್ತಳೆ ಕೊಡಲಾರದ ಕಾಲೇಜು ಕೋಟಿಯ ಕಟ್ಟಡ ಕಟ್ಟಿದರೆ ಏನು ಬಂತು?

ಆದ್ದರಿಂದ ಕಾಲೇಜು ನೋಡಲು ಹೋದಾಗ ಕಚೇರಿಯಲ್ಲಿ ಕುಳಿತು ಬಣ್ಣದ ಪುಸ್ತಿಕೆ ನೋಡಿ ಎದ್ದು ಬರಬೇಡಿ. 'ಲ್ಯಾಬು ತೋರಿಸಿ' ಎಂದು ವಿನಯದಿಂದಲೇ ಕೇಳಿ. ಕೃಷಿಕ ತಂದೆಗೆ ಇದೆಲ್ಲ ಏನು ಅರ್ಥವಾದೀತು ಎಂದು ಅವರು ತಿಳಿದಾರು. ಹಸು ಕೊಳ್ಳುವಾಗ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ನಡೆಸಿ ನೋಡುವ ನಮಗೆ ಇದು ಅರ್ಥವಾಗದ್ದೇನಲ್ಲ. ಎರಡನೇ ವರ್ಷದ ಒಬ್ಬ ಹುಡುಗಿಯನ್ನು ಬದಿಗೆ ಕರೆದು, 'ಮಗಾ, ನಿನಗೆ ಈ ಗೊಂಬೆ ಮುಟ್ಟಲು ಎಷ್ಟು ಸಲ ಸಿಕ್ಕಿತು, ಸಂಜೆ ಬಂದು ಅಭ್ಯಾಸ ಮಾಡಬಹುದೇ, ವಾರ್ಡಿಗೆ ಕಳುಹಿಸುವ ಮೊದಲು ಟೀಚರು ಪರೀಕ್ಷೆ ಮಾಡುತ್ತಾರೆಯೇ' ಎಂದು ಕೇಳಿ. ಪ್ರಿನ್ಸಿಪಾಲರ ಉತ್ತರಕ್ಕಿಂತ ಆ ಹುಡುಗಿಯ ಉತ್ತರ ಮೇಲು. ಅವಳು ಉತ್ತರ ಕೊಡಲು ಆಚೀಚೆ ನೋಡಿದರೆ ಅದೂ ಒಂದು ಉತ್ತರವೇ.

ಈ ಗೊಂಬೆ ಪಾಠ ನರ್ಸಿಂಗ್ ಮಕ್ಕಳಿಗೆ ಮಾತ್ರ ಯಾಕೆ ಎಂಬ ವಿಚಾರವೂ ನನ್ನ ಮನಸ್ಸಿನಲ್ಲಿದೆ. 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಗೇರುತೋಟಗಳ ಸುತ್ತ, ಪಡ್ರೆ, ಎಣ್ಮಕಜೆಯ ಕಡೆ ಎಷ್ಟೋ ತಾಯಂದಿರು ಹಾಸಿಗೆ ಹಿಡಿದ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ಪಾರ್ಶ್ವವಾಯು ಆದ ಅತ್ತೆಮಾವಂದಿರಿಗೆ ಟ್ಯೂಬಿನಲ್ಲಿ ಗಂಜಿ ಕೊಡುವ ಸೊಸೆಯಂದಿರು ಪ್ರತಿ ಊರಿನಲ್ಲಿದ್ದಾರೆ. ಇವರಿಗೆ ಕಲಿಸುವವರು ಯಾರು? ಡಿಸ್ಚಾರ್ಜ್ ದಿನ, ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ, 'ಹೀಗೆ ಹಾಕಿ, ತಲೆ ಎತ್ತರದಲ್ಲಿಡಿ' ಎಂದು ಎರಡು ನಿಮಿಷ ತೋರಿಸಿ ಕಳುಹಿಸುತ್ತಾರೆ. ಟ್ಯೂಬು ಜಾರಿ ಗಂಜಿ ಶ್ವಾಸಕೋಶಕ್ಕೆ ಹೋದರೆ ಜೀವವೇ ಹೋಗಬಹುದು. ನರ್ಸಿಂಗ್ ಕಾಲೇಜಿನ ಲ್ಯಾಬು ತಿಂಗಳಿಗೆ ಒಂದು ದಿನ ಇಂಥ ಮನೆಯವರಿಗೆ ತೆರೆದಿರಲಿ. ಕಲಿಸುವ ಕೆಲಸವನ್ನು ಕೊನೆಯ ವರ್ಷದ ಮಕ್ಕಳಿಗೇ ಕೊಡಲಿ. ಕಲಿಸುವವರೂ ಕಲಿಯುತ್ತಾರೆ.

ಎದೆ ಒತ್ತುವ ಗೊಂಬೆಯಂತೂ ಊರಿಗೇ ಬರಬೇಕು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ನಮಗೆ ಎಷ್ಟು ದೂರ ಎಂಬುದು ಗೊತ್ತಾಯಿತು. ಗಡಿ ತೆರೆದಿದ್ದರೂ ನಮ್ಮ ಗುಡ್ಡದ ಮೇಲಿನ ಮನೆಗೆ 108 ಬಂದು ಮುಟ್ಟಲು ಸಮಯ ಬೇಕು. ಹೃದಯ ನಿಂತವನಿಗೆ ಅಷ್ಟು ಸಮಯವಿಲ್ಲ. ನಮ್ಮಲ್ಲಿ ಇದು ಬರೀ ಹೃದ್ರೋಗದ ಮಾತಲ್ಲ. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿ ಕರೆಂಟು ತಂತಿಗೆ ತಾಗಿ ಎಳೆಯ ವಯಸ್ಸಿನವರು ಸತ್ತದ್ದಿದೆ. ತೋಟದ ಕೆರೆಗೆ ಮಕ್ಕಳು ಬಿದ್ದದ್ದಿದೆ.

ಕರೆಂಟಿನ ಅಪಘಾತದಲ್ಲಿ ಮುಟ್ಟುವ ಮೊದಲು ವಿದ್ಯುತ್ ನಿಲ್ಲಬೇಕು. ದೋಟಿ ತಾಗಿದ್ದು ಕಂಬದ ತಂತಿಗಾದರೆ ಮನೆಯ ಮೈನ್ ಆಫ್ ಮಾಡಿ ಪ್ರಯೋಜನವಿಲ್ಲ, ವಿದ್ಯುತ್ ಕಚೇರಿಗೆ ಫೋನು ಮಾಡಿ ಲೈನ್ ಆಫ್ ಆಗುವವರೆಗೆ ಹತ್ತಿರ ಹೋಗಬಾರದು. ಆಮೇಲೆ, ಎಚ್ಚರವಿಲ್ಲದೆ ಉಸಿರೂ ಇಲ್ಲದಿದ್ದರೆ, ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುವಿನ ಎಲುಬಿನ ಮೇಲೆ ಎರಡೂ ಕೈ ಇಟ್ಟು ಒತ್ತಬೇಕು. ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ. ಕಲಿತವರು 30 ಸಲ ಒತ್ತಿ 2 ಸಲ ಉಸಿರು ಕೊಡುತ್ತಾರೆ. ನೀರಿನಲ್ಲಿ ಮುಳುಗಿದವರಿಗೆ ಮೊದಲೇ ಉಸಿರು ಕೊಡುವುದು ಬಹಳ ಮುಖ್ಯ. ಹೊಟ್ಟೆ ಒತ್ತಿ ನೀರು ತೆಗೆಯುತ್ತೇನೆಂದು, ಕಾಲು ಹಿಡಿದು ತಿರುಗಿಸುತ್ತೇನೆಂದು ಸಮಯ ಕಳೆಯಬಾರದು.

ಇದನ್ನು ಓದಿದಿರಿ. ಆದರೆ 6 ಸೆಂಟಿಮೀಟರ್ ಎಂದರೆ ಎಷ್ಟು ಬಲ ಹಾಕಬೇಕು? ಕಾಗದ ಓದಿ ಅದು ಕೈಗೆ ತಿಳಿಯುವುದಿಲ್ಲ. ಮೊದಲ ಸಲ ಒತ್ತುವವರು ಎಲುಬು ಮುರಿದೀತೆಂಬ ಹೆದರಿಕೆಯಿಂದ ಮೆಲ್ಲಗೆ ಒತ್ತುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಗೊಂಬೆಯ ಎದೆಯಲ್ಲಿ ಸರಿಯಾದ ಆಳಕ್ಕೆ ಹೋದಾಗ 'ಟಕ್' ಎಂಬ ಶಬ್ದ ಬರುವ ಹಾಗೆ ಮಾಡಿರುತ್ತಾರೆ. ಆ ಶಬ್ದ ಬರಿಸಲು ದೋಟಿ ಹಿಡಿದು ಗಟ್ಟಿಯಾದ ಕೈಗಳೂ ಎರಡು ನಿಮಿಷದಲ್ಲಿ ಸೋಲುತ್ತವೆ. ಅದಕ್ಕೇ ಇಬ್ಬರು ಸರದಿಯಲ್ಲಿ ಒತ್ತಬೇಕೆಂದು ಕಲಿಸುವುದು.

ಹತ್ತಿರದ ನರ್ಸಿಂಗ್ ಕಾಲೇಜನ್ನು ಕೇಳಿದರೆ ಇಬ್ಬರು ಟೀಚರುಗಳೊಂದಿಗೆ ಗೊಂಬೆಯನ್ನೂ ಕಳುಹಿಸಿಕೊಡುವ ಸಂಭವ ಇದೆ. ಮಳೆಗಾಲದಲ್ಲಿ, ಔಷಧಿ ಸಿಂಪಡಣೆಯ ಎರಡು ಸುತ್ತಿನ ನಡುವೆ ಸಿಗುವ ಬಿಡುವಿನ ಒಂದು ಭಾನುವಾರ ಮಧ್ಯಾಹ್ನ, ಇಗರ್ಜಿಯ ಸಭಾಭವನವೋ ಶಾಲೆಯ ವರಾಂಡವೋ ಸಾಕು. ನೆಲಕ್ಕೆ ಹಾಸಲು ನಾಲ್ಕು ಚಾಪೆ ತನ್ನಿ. ಸೀರೆ ಉಟ್ಟವರಿಗೆ ಮಂಡಿಯೂರಿ ಒತ್ತುವುದು ಕಷ್ಟವಾಗುತ್ತದೆ, ಚೂಡಿದಾರ ಹಾಕಿ ಬಂದರೆ ಅನುಕೂಲ. ಒಬ್ಬರು ಉಸಿರು ಕೊಟ್ಟ ಮೇಲೆ ಗೊಂಬೆಯ ಮುಖವನ್ನು ಸ್ಪಿರಿಟ್ ಹಾಕಿ ಒರೆಸಿಯೇ ಇನ್ನೊಬ್ಬರಿಗೆ ಕೊಡಬೇಕು, ಒಳಗಿನ ಗಾಳಿಚೀಲವನ್ನು ತರಬೇತಿ ಮುಗಿದ ಮೇಲೆ ಬದಲಿಸಬೇಕು. ಆ ಚೀಲದ ಖರ್ಚನ್ನು ಊರಿನವರೇ ಕೊಟ್ಟರೆ ಕಾಲೇಜಿನವರು ಮುಂದಿನ ವರ್ಷವೂ ಸಂತೋಷದಿಂದ ಬರುತ್ತಾರೆ.